ತಿಪ್ಪಾರಳ್ಳಿಯ ಕೈಲಾಸಂ

ಟಿ. ಪಿ. ಕೈಲಾಸಂ ಲಂಡನ್ನಿನಲ್ಲಿ ಓದಿದ್ದು ಭೂವಿಜ್ಞಾನ. ಕನ್ನಡಕ್ಕೆ ಹೊತ್ತು ತಂದದ್ದು ಮಾತ್ರ ಅಲ್ಲಿನ ಜನ ಗುನುಗುತ್ತಿದ್ದ ಮಟ್ಟುಗಳನ್ನು! 1912ರಲ್ಲಿ ಹುಟ್ಟಿ, ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿ ನಲಿದ ‘ಟಿಪ್ಪರೆರಿ’ ಹಾಡು ಇವರ ಕೈಗೆ ಸಿಕ್ಕು ‘ತಿಪ್ಪಾರಳ್ಳಿ’ಯಾಯಿತು. ಐರ್ಲೆಂಡಿನ ಊರು ನೆಲಮಂಗಲದಾಚೆಯ ಯಾವುದೋ ಹಳ್ಳಿಯಂತೆ ಕೇಳಿಸತೊಡಗಿತು.

ನನಗೆ ಅದಕ್ಕಿಂತ ಇಷ್ಟ ‘ಕೋಳೀಕೆ ರಂಗ’. ಮೂಲದ ಇಂಗ್ಲಿಷ್ ಹಾಡು ‘ಕಾನ್‌ಸ್ಟಾಂಟಿನೋಪಲ್’ ಎಂಬ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತದೆ. ಕೈಲಾಸಂ ಆ ಆಟವನ್ನು ನಮ್ಮ ಕಾಗುಣಿತಕ್ಕೆ ಇಳಿಸಿದರು. ಹಳ್ಳಿಗ ರಂಗ ತನ್ನ ಹೆಸರನ್ನು ಓತ್ವ, ಎತ್ವ, ಸೊನ್ನೆ ಸಮೇತ ಒಪ್ಪಿಸುವಾಗ ಹಾಡುವವರ ನಾಲಿಗೆ ತೊಡರದಿದ್ದರೆ ಕೇಳಿ. ಅಣಕವಾಡು ಎಂದರೆ ಪದ ಕಿತ್ತು ಪದ ತುಂಬುವ ಕೆಲಸ ಎಂದುಕೊಂಡವರು (ಇಂದಿನ ಆರ್ಕೆಸ್ಟ್ರಾಗಳಲ್ಲಿ ಅಂಥವರೇ ಹೆಚ್ಚು) ಇದನ್ನೊಮ್ಮೆ ಬಾಯಿಪಾಠ ಮಾಡಬೇಕು. ಇಲ್ಲಿ ನಗು ಹುಟ್ಟುವುದು ಅಕ್ಷರದಿಂದಲೇ, ಯಾರನ್ನೂ ಹೀಗಳೆಯುವುದರಿಂದಲ್ಲ.

ನಾಟಕಕಾರನ ಕೀರ್ತಿಯಡಿ ಈ ಹಾಡುಗಾರ ಕೊಂಚ ಮಸುಕಾದ. ಅದು ಅನ್ಯಾಯವೇ. ದೊಡ್ಡಬಳ್ಳಾಪುರ, ಹೊಸಕೋಟೆಯ ಮೇಷ್ಟ್ರುಗಳೇ, ಈ ಬಾರಿಯ ರಾಜ್ಯೋತ್ಸವಕ್ಕೆ ಸಿನಿಮಾ ಹಾಡು ಒಂದು ಕಮ್ಮಿ ಮಾಡಿ, ಮಕ್ಕಳಿಂದ ರಂಗನನ್ನು ಹಾಡಿಸಿ.