ಬಾಲೆಯನ್ನು ಮೀಯಿಸುವ ಹೊತ್ತು

ಅಂಗೈಗೆ ಎಣ್ಣೆ ಹಾಕಿಕೊಂಡ ಕೂಡಲೇ ದೊಡ್ಡಮ್ಮ ಮಗುವನ್ನು ಮುಟ್ಟುವುದಿಲ್ಲ. ಎರಡೂ ಕೈಗಳನ್ನು ಉಜ್ಜಿಕೊಂಡು, ಬೆಚ್ಚಗಾಯಿತೇ ಎಂದು ತಮ್ಮ ಕೆನ್ನೆಗೆ ಒತ್ತಿ ನೋಡುತ್ತಾರೆ. ಆಮೇಲೆ ಮೊದಲು ಮುಟ್ಟುವುದು ಅಂಗಾಲನ್ನು. ಹೆಬ್ಬೆರಳಿನಿಂದ ಹಿಮ್ಮಡಿಯ ತನಕ ಒಂದು ಗೆರೆ ಎಳೆದಂತೆ ನೀವಿದರೆ ಮಗುವಿನ ಐದೂ ಬೆರಳು ಬಿಚ್ಚಿ ಮತ್ತೆ ಮಡಚಿಕೊಳ್ಳುತ್ತವೆ. ಅದು ಒಪ್ಪಿಗೆ ಎಂದು ದೊಡ್ಡಮ್ಮನ ಲೆಕ್ಕ. ಅಲ್ಲಿಂದ ಮೀನಖಂಡ, ಮೊಣಕಾಲು, ತೊಡೆಯ ಮಡಿಕೆ. ಮಡಿಕೆಗಳಲ್ಲಿ ಅವರು ಅವಸರ ಮಾಡುವವರೇ ಅಲ್ಲ. ಕುತ್ತಿಗೆಯ ಕೆಳಗೆ, ಕಂಕುಳಲ್ಲಿ, ಮೊಣಕೈಯ ಒಳಬದಿಯಲ್ಲಿ ಹಾಲಿನ ಹನಿಯೋ ಬೆವರೋ ಸೇರಿಕೊಳ್ಳುವ ಜಾಗಗಳನ್ನೆಲ್ಲ ಬೆರಳ ತುದಿಯಿಂದ ಬಿಡಿಸಿ ಬಿಡಿಸಿ ಎಣ್ಣೆ ಹಚ್ಚುತ್ತಾರೆ.

ಎಣ್ಣೆ ಅಂಗಡಿಯದ್ದಲ್ಲ. ತೆಂಗಿನಹಾಲನ್ನು ಸಣ್ಣ ಉರಿಯಲ್ಲಿ ಕುದಿಸಿ, ನೀರಿನಂಶ ಆರಿ, ಹಿಪ್ಪೆ ಕಂದುಬಣ್ಣಕ್ಕೆ ತಿರುಗಿದ ಮೇಲೆ ಸೋಸಿ ಇಟ್ಟದ್ದು. ಅದು ಕಾಯುವ ದಿನ ಮನೆಯಿಡೀ ಹಬ್ಬದ ಅಡುಗೆಯ ಪರಿಮಳ. ಮಕ್ಕಳು ಹಿಪ್ಪೆಗೆ ಬೆಲ್ಲ ಸೇರಿಸಿ ತಿನ್ನಲು ಕಾದಿರುತ್ತಾರೆ.

ಬಚ್ಚಲಿನಲ್ಲಿ ದೊಡ್ಡಮ್ಮ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು, ಸೀರೆಯನ್ನು ಮೊಣಕಾಲಿಗೆ ಏರಿಸಿ, ಎರಡು ಕಾಲನ್ನೂ ನೀಡಿ ಜೋಡಿಸುತ್ತಾರೆ. ಆ ಕಾಲುಗಳ ನಡುವಿನ ತಗ್ಗೇ ಮಗುವಿನ ಹಾಸಿಗೆ. ತಲೆ ಅವರ ಪಾದಗಳ ಕಡೆಗೆ, ಕಾಲು ಮಡಿಲ ಕಡೆಗೆ. ಕೊತ್ತಳಿಗೆ, ಗೆರಟೆ ಉರಿಸಿ ಕಾಯಿಸಿದ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದ ಮೇಲಷ್ಟೇ ಮೊದಲ ಚೆಂಬು. ನೀರು ಹೊಯ್ಯುವುದು ನನ್ನ ತಮ್ಮನ ಹೆಂಡತಿಯ ಕೆಲಸ; ನೀರು ಎಲ್ಲಿ ಬೀಳಬೇಕು ಎಂದು ತೋರಿಸುವುದು ದೊಡ್ಡಮ್ಮನ ಎಡಗೈ. ತಲೆಗೆ ಎರೆಯುವಾಗ ಅದೇ ಕೈ ಹುಬ್ಬಿನ ಮೇಲೆ ಅಡ್ಡವಾಗಿ ನಿಲ್ಲುತ್ತದೆ. ಒಂದು ಹನಿ ಕಣ್ಣಿಗೆ ಇಳಿಯುವುದಿಲ್ಲ. ನೀರು ಎರಡು ಕಿವಿಗಳ ಹಿಂದಿನಿಂದ ಸರಿದುಹೋಗುತ್ತದೆ. ನಾನು ಕಂಡ ಸೊಗಸುಗಳಲ್ಲಿ ಆ ಎಡಗೈಗೆ ಬಹಳ ಮೇಲಿನ ಸ್ಥಾನ ಕೊಡುತ್ತೇನೆ.

ನೆತ್ತಿಯ ಮೇಲೆ ಮೂಳೆ ಇನ್ನೂ ಕೂಡಿಲ್ಲ. ಅಲ್ಲಿ ನಾಡಿ ಬಡಿಯುವುದು ಬರಿಗಣ್ಣಿಗೇ ಕಾಣುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷದ ಒಳಗೆ ಮುಚ್ಚಿಕೊಳ್ಳುವ ಜಾಗ ಅದು. ಅಲ್ಲಿಗೆ ಬಂದಾಗ ದೊಡ್ಡಮ್ಮ ಉಜ್ಜುವುದಿಲ್ಲ, ಒತ್ತುವುದೂ ಇಲ್ಲ. ಅಂಗೈಯಲ್ಲಿ ಎಣ್ಣೆ ಹಿಡಿದು ಹಾಗೆಯೇ ತುಸು ಹೊತ್ತು ಇಡುತ್ತಾರೆ. ಆಗ ಅವರ ಮಾತೂ ನಿಲ್ಲುತ್ತದೆ. ಅವರ ತಾಯಿಯ ಕಾಲದಲ್ಲಿ ಮೂಗು ತಿದ್ದುವುದು, ಕೂದಲಿಗೆ ಹೊಗೆ ಹಿಡಿಯುವುದು, ಬಜೆ ತೇಯ್ದು ನೆಕ್ಕಿಸುವುದು ಎಲ್ಲ ಇತ್ತು. ಆರು ತಿಂಗಳ ತನಕ ತಾಯಿಹಾಲಲ್ಲದೆ ಬೇರೇನೂ ಬೇಡ ಎಂದು ಮಕ್ಕಳ ವೈದ್ಯರು ಹೇಳಿದ ಮೇಲೆ ದೊಡ್ಡಮ್ಮ ಬಜೆಯ ಜೊತೆಗೆ ಉಳಿದವನ್ನೂ ಬಿಟ್ಟರು. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ಬಿಡುವ ಆ ತೀರ್ಮಾನವನ್ನೂ ನಾನು ಅವರ ಕೈಯ ಹದದ ಜೊತೆಗೇ ಸೇರಿಸಿ ಗೌರವಿಸುತ್ತೇನೆ.

ಈ ವಿದ್ಯೆ ದಾಟುವ ಕ್ರಮ ನೋಡಬೇಕು. ಹೊಸದಾಗಿ ಬಂದ ಸೊಸೆಗೆ ಮೊದಲು ಸಿಗುವುದು ಹಳೆಯ ಮುಂಡನ್ನು ಬಿಡಿಸಿ ಹಿಡಿದು ನಿಲ್ಲುವ ಕೆಲಸ. ಆಮೇಲೆ ನೀರು ಹೊಯ್ಯುವುದು. ಆಮೇಲೆ ಕಾಲಿಗೆ ಮಾತ್ರ ಎಣ್ಣೆ. ಕಾಲು ನೀಡಿ ಕೂತು ಮಗುವನ್ನು ಹಾಕಿಕೊಳ್ಳುವ ಸರದಿ ಬಹಳ ತಡವಾಗಿ ಬರುತ್ತದೆ, ಕೆಲವರಿಗೆ ಮನೆಯ ಎರಡನೆಯ ಮಗುವಿಗೆ, ಮೂರನೆಯದಕ್ಕೆ. ಅಂದರೆ ಕಲಿಯಬೇಕಾದರೆ ಮಗು ಹುಟ್ಟುತ್ತಿರಬೇಕು, ಮನೆಯಲ್ಲಿ ಜನವೂ ಇರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ, ತುಳುನಾಡಿನ ಅಳಿಯಕಟ್ಟಿನ ದೊಡ್ಡ ಮನೆಗಳು ಒಡೆಯತೊಡಗಿದ್ದು ಅದಕ್ಕೂ ಹಿಂದೆ. ನಾವು ಮದ್ರಾಸಿಗೆ ಸೇರಿದ್ದಾಗ, 1949ರಲ್ಲಿ ಬಂದ ಅಳಿಯಸಂತಾನ ಕಾಯಿದೆ ಪಾಲು ಕೇಳುವ ದಾರಿ ತೆರೆಯಿತು. ಪಾಲು ನ್ಯಾಯವೇ ಆಗಿತ್ತು. ಆದರೂ ನಮ್ಮ ಹಿರಿಯರು ಜಾಗದ ಪಾಲು ಮಾಡಿಕೊಂಡು ಅಡುಗೆಮನೆಯನ್ನು ಮಾತ್ರ ಒಂದೇ ಉಳಿಸಿಕೊಂಡರು. ಹಾಗಾಗಿ ತಂಗಿಯ ಮಗುವನ್ನು ಎತ್ತಿಕೊಳ್ಳಲು ಇವತ್ತೂ ನನಗೆ ಸರದಿ ಕಾಯಬೇಕು. ಸೋದರಮಾವನೆಂಬ ಹಕ್ಕು ಅಲ್ಲಿ ನಡೆಯುವುದಿಲ್ಲ.

ನಮ್ಮದು ಹಂಚಿನ ಮನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹರಡಿದ ಅದೇ ಮಂಗಳೂರು ಹಂಚು. ನಡುಮನೆಯ ಮಾಡಿನಲ್ಲಿ ಒಂದು ಗಾಜಿನ ಹಂಚಿದೆ. ಬೆಳಗ್ಗೆ ಅದರಿಂದ ಇಳಿಯುವ ಬಿಸಿಲಿನ ಚೌಕ ಗೋಡೆಯ ಬುಡದಲ್ಲಿ ಇರುತ್ತದೆ, ಹೊತ್ತೇರಿದ ಹಾಗೆ ನೆಲದ ನಡುವಿಗೆ ಸರಿಯುತ್ತದೆ. ತೆವಳಲು ಕಲಿತ ಮಗು ಅದನ್ನು ಹಿಡಿಯಲು ಹೋಗುತ್ತದೆ. ಬಿಸಿಲಿನ ಮೇಲೆ ಕೈ ಇಟ್ಟರೆ ಬಿಸಿಲು ಕೈಯ ಮೇಲೆ ಬರುತ್ತದೆ! ಕೈ ತಿರುಗಿಸಿ ನೋಡುತ್ತದೆ, ಮತ್ತೆ ಇಡುತ್ತದೆ. ಪಕ್ಕದಲ್ಲಿ ಅಜ್ಜ ಖಾಲಿ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ಪೇಪರು ಓದುತ್ತಾರೆ. ತೊಟ್ಟಿಲಲ್ಲಿ ಮಗು ಇಲ್ಲದಾಗಲೂ ಅವರ ಹೆಬ್ಬೆರಳು ಆಡುತ್ತಲೇ ಇರುತ್ತದೆ.

ರಾತ್ರಿ ಹಾಲು ಕುಡಿಯಲು ಏಳುವ ಮಗುವಿಗೆ ಮಂಗಳೂರಿನ ನಮ್ಮ ಕುಲಶೇಖರ ಒಳ್ಳೆಯ ಊರು. ಇಲ್ಲಿ ಬೆಳಕು ಹರಿಯುವ ಮೊದಲೇ ಎಚ್ಚರವಾಗಿರುವವರು ಬೇಕಾದಷ್ಟಿದ್ದಾರೆ. ಹಾಲು ಒಕ್ಕೂಟದ ಡೇರಿಯಿಂದ ಹೊರಟ ವಾಹನಗಳು ಕಾರ್ಕಳದ ಹೆದ್ದಾರಿಗೆ ಇಳಿಯುವ ಸದ್ದು, ಗುಡ್ಡದಾಚೆ ಸುರಂಗದ ಬಳಿ ರೈಲಿನ ಕೂಗು, ಆಮೇಲೆ 1873ರಲ್ಲಿ ಸ್ಥಾಪನೆಯಾದ ಕೊರ್ಡೆಲ್ ಹೋಲಿಕ್ರಾಸ್ ಇಗರ್ಜಿಯ ಗಂಟೆ. ರೈಲು ಕೂಗಿದಾಗ ಮಗು ಹಾಲು ಕುಡಿಯುವುದನ್ನು ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಕುಡಿಯುತ್ತದೆ.

ಸೆಪ್ಟೆಂಬರ್ ಬಂದರೆ ನಮ್ಮ ಬೇಲಿಯಲ್ಲಿ ಒಂದು ಹೂವೂ ಉಳಿಯುವುದಿಲ್ಲ. ಸೆಪ್ಟೆಂಬರ್ 8 ಮೊಂತಿ ಹಬ್ಬ, ಮೇರಿ ಮಾತೆ ಹುಟ್ಟಿದ ದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಪಕ್ಕದ ಮನೆಗಳ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಹೋಗಿ ಬಾಲಮೇರಿಯ ಪ್ರತಿಮೆಗೆ ಎರಚುತ್ತಾರೆ. ಕೂಸೊಂದಕ್ಕೆ ಊರಿನ ಮಕ್ಕಳೆಲ್ಲ ಹೂ ಕೊಡುವ ಹಬ್ಬ ಇದಕ್ಕಿಂತ ಚೆಂದವಾದದ್ದು ನನಗೆ ಗೊತ್ತಿಲ್ಲ. ಹಬ್ಬದ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೊಸ ಭತ್ತದ ಕಾಳನ್ನು ಹಾಲಿಗೆ ಹಾಕಿ ಕುಡಿದು, ಆಮೇಲೆ ತರಕಾರಿ ಊಟ ಮಾಡುತ್ತಾರೆ. ಹೂ ಕೀಳಲು ಬಂದ ಮಕ್ಕಳು ನಮ್ಮ ಮಗುವಿನ ಕೈಗೂ ಒಂದು ದಾಸವಾಳ ಕೊಟ್ಟರು. ಅದು ನೇರ ಬಾಯಿಗೆ ಹೋಯಿತು.

ತಿನ್ನುವುದಕ್ಕೆ ಅದರ ಪಾಲಿಗೆ ರಾಗಿ ಮಣ್ಣಿ ಇದೆ. ನೆನೆಸಿದ ರಾಗಿ ಅರೆದು, ಬಟ್ಟೆಯಲ್ಲಿ ಹಿಂಡಿ, ಹಾಲು ಇಳಿಯಲು ಬಿಟ್ಟು, ಮೇಲಿನ ನೀರು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಬೆಲ್ಲದ ನೀರಿನಲ್ಲಿ ತಿರುವುತ್ತಾ ಕಾಯಿಸುವುದು. ಬೂದುಬಣ್ಣ ಕಪ್ಪಾಗಿ, ಮೈಯೆಲ್ಲ ಮಿನುಗಿ, ಪಾತ್ರೆಯ ಬದಿ ಬಿಡುವ ಗಳಿಗೆ ಒಂದಿದೆ, ಆಗ ಇಳಿಸಬೇಕು. ಮಗುವಿಗೆ ನಾಲ್ಕು ಚಮಚ. ಪಾತ್ರೆಯ ತಳ ಕೆರೆಯುವ ಹಕ್ಕಿಗೆ ಉಳಿದ ಮಕ್ಕಳಲ್ಲಿ ದಿನಾಲೂ ವ್ಯಾಜ್ಯ.

ಈಗ ಮನೆಯವರೆಲ್ಲ ಕಾಯುತ್ತಿರುವುದು ಮೊದಲ ಮಾತಿಗೆ. 1984ರಲ್ಲಿ ಜಾನೆಟ್ ವರ್ಕರ್ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನವೊಂದಿದೆ. ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ, ಟ ಬೇರೆ ಬೇರೆ ಎಂದು ಗುರುತಿಸುತ್ತವೆ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕಳೆದುಹೋಗುತ್ತದೆ, ಕೇಳಿಸದ ಧ್ವನಿಗಳನ್ನು ಕಿವಿ ಬಿಟ್ಟುಬಿಡುತ್ತದೆ. ನಮ್ಮ ಮಗುವಿನ ಕಿವಿಗೆ ಏನನ್ನೂ ಬಿಡಲು ಪುರುಸೊತ್ತಿಲ್ಲ. ತೊಟ್ಟಿಲ ಬಳಿ ಅಮ್ಮನ ತುಳು, ಬೇಲಿಯಾಚೆಯಿಂದ ಕೊಂಕಣಿ, ಮೀನು ತರುವವರ ಬ್ಯಾರಿ, ಶಾಲೆಯಿಂದ ಬಂದ ಮಕ್ಕಳ ಕನ್ನಡ. ಹೊರಗಿನಿಂದ ಬಂದವರು ಯಾರೇ ಆಗಲಿ, ಚಪ್ಪಲಿ ಕಳಚುವ ಮೊದಲು ಕೇಳುವುದು "ಬಾಲೆ ಜೆತ್ತ್‌ಂಡಾ?" ಎಂದು, ಅಂದರೆ ಮಗು ಮಲಗಿತಾ ಎಂದು, ಮಲಗಿದ ಬಾಲೆ ಏಳುವಷ್ಟು ಗಟ್ಟಿಯಾಗಿ. ಅಜ್ಜ ದಿನಕ್ಕೆ ಹತ್ತು ಸಲ ಅದರ ಮುಖದ ಹತ್ತಿರ ಬಾಗಿ "ಅಜ್ಜ, ಅಜ್ಜ" ಎಂದು ಪಾಠ ಹೇಳುತ್ತಾರೆ. ದೊಡ್ಡಮ್ಮ ಏನನ್ನೂ ಹೇಳಿಕೊಡುವುದಿಲ್ಲ. ಮೊನ್ನೆ ಮುಂಡು ಬಿಡಿಸಿ ಹಿಡಿಯುವಾಗ ಮಗು ಹಂಡೆಯ ಕಡೆ ಕೈಮಾಡಿ "ನೀ" ಎಂದಿತು. ನೀರೋ, ನೀವೋ, ತುಳುವಿನ ನೀರ್ ಇರಬಹುದೋ ಎಂದು ಊಟದ ಹೊತ್ತಿಗೂ ಚರ್ಚೆ ಮುಗಿದಿರಲಿಲ್ಲ.