ಭಾರ ಹೊರುವ ಕಡ್ಡಿ ಯಾವುದು? ಸೈಕಲ್ ಚಕ್ರವನ್ನು ಕುರಿತ ಪುಸ್ತಕವೊಂದರ ವಿಮರ್ಶೆ

ಸೈಕಲ್ ಏರಿ ಕುಳಿತಾಗ ನಿಮ್ಮ ಭಾರವನ್ನು ಹೊರುವುದು ಚಕ್ರದ ಯಾವ ಕಡ್ಡಿಗಳು? ಹಬ್ಬಿನ ಮೇಲಿರುವವೋ, ಕೆಳಗಿರುವವೋ? ಹೆಚ್ಚಿನವರ ಉತ್ತರ ‘ಮೇಲಿನವು’ ಎಂದೇ ಇರುತ್ತದೆ. ಅದಕ್ಕೆ ಕೊಡುವ ಕಾರಣವೂ ಸರಿಯಾಗಿಯೇ ತೋರುತ್ತದೆ. 2 ಮಿ.ಮೀ. ದಪ್ಪದ ಉಕ್ಕಿನ ತಂತಿ ಎಳೆತವನ್ನು ತಾಳಬಲ್ಲದು. ತುದಿಯಿಂದ ಒತ್ತಿದರೆ ಬಾಗಿಬಿಡುತ್ತದೆ. ಆದ್ದರಿಂದ ಹಬ್ಬು ಮೇಲಿನ ಕಡ್ಡಿಗಳಿಂದ ತೂಗಿಕೊಂಡಿರಲೇಬೇಕು ಎಂಬುದು ವಾದ. ಇದಕ್ಕೆ ನೇರ ವಿರುದ್ಧವಾದ ಮಾತನ್ನು ಹೇಳಿದ ಪುಸ್ತಕವೊಂದಿದೆ. ಅಮೆರಿಕದ ಎಂಜಿನಿಯರ್ ಯೋಬ್‌ಸ್ಟ್ ಬ್ರ್ಯಾಂಟ್ ಅವರ ‘ದ ಬೈಸಿಕಲ್ ವೀಲ್’ 1981ರಲ್ಲಿ ಮೊದಲು ಪ್ರಕಟವಾಯಿತು. ಮೂರನೆಯ ಆವೃತ್ತಿ 1993ರಲ್ಲಿ ಬಂದಿತು. ಲೇಖಕರು 2015ರಲ್ಲಿ ತೀರಿಕೊಂಡರು. ಚಕ್ರವನ್ನು ತಾವೇ ಕಟ್ಟಿಕೊಳ್ಳಬಯಸುವವರು ಇಂದಿಗೂ ಮೊದಲು ಹುಡುಕುವುದು ಈ ಪುಸ್ತಕವನ್ನೇ.

ಇಷ್ಟು ಹಳೆಯ ಪುಸ್ತಕವನ್ನು ಈಗ ಪರಿಶೀಲಿಸಲು ಕಾರಣವಿದೆ. ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳು ಸೈಕಲ್ ಸ್ಪರ್ಧಿಗಳಿಗೆ ಹೆಸರಾದವು. 2021ರಲ್ಲಿ ಗದಗದಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆಯೇ ನಡೆಯಿತು. ಆಲಮಟ್ಟಿಯ ಸುತ್ತಲಿನ ಗರಸು ದಾರಿ, ಕಲ್ಲು ದಿಣ್ಣೆ, ಕಾಲುವೆಯ ದಂಡೆ ಇವೆಲ್ಲ ಮೌಂಟನ್ ಬೈಕಿಗೆ ಹೇಳಿ ಮಾಡಿಸಿದ ನೆಲ. ಚಕ್ರಕ್ಕೆ ಮಾತ್ರ ಕಠಿಣ ಪರೀಕ್ಷೆ. ಚೌಕಟ್ಟನ್ನಾಗಲೀ ಗೇರನ್ನಾಗಲೀ ಮನೆಯಲ್ಲಿ ತಯಾರಿಸಲಾಗದು. ಚಕ್ರ ಹಾಗಲ್ಲ. ಹಬ್ಬು, ರಿಮ್ಮು, ಕಡ್ಡಿ, ನಿಪ್ಪಲ್‌ಗಳನ್ನು ಬಿಡಿಯಾಗಿ ತಂದು, ಒಂದು ಪಾನಾದಿಂದ ಜೋಡಿಸಿ, ಕಾರ್ಖಾನೆಯದಕ್ಕೆ ಸರಿಸಾಟಿಯಾದ ಚಕ್ರವನ್ನು ಕಟ್ಟಬಹುದು. ಅದಕ್ಕೆ ಬೇಕಾದದ್ದು ಮುಖ್ಯವಾಗಿ ತಿಳಿವಳಿಕೆ. ಆ ತಿಳಿವಳಿಕೆಯನ್ನು ಈ ಪುಸ್ತಕ ಎಷ್ಟರ ಮಟ್ಟಿಗೆ ಕೊಡುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ನೋಡೋಣ.

ಪುಸ್ತಕದ ಮುಖ್ಯ ವಾದ

ಬ್ರ್ಯಾಂಟ್ ಅವರು 36 ಕಡ್ಡಿಗಳ ಚಕ್ರವೊಂದನ್ನು ಪರಿಮಿತ ಘಟಕ ವಿಧಾನದಿಂದ ಲೆಕ್ಕಹಾಕಿದರು. ಭಾರ ಹೇರಿದಾಗ ಪ್ರತಿ ಕಡ್ಡಿಯ ಎಳೆತ ಎಷ್ಟು ಬದಲಾಗುತ್ತದೆ ಎಂಬುದು ಅವರ ಪ್ರಶ್ನೆ. ಬಂದ ಉತ್ತರ ಹೀಗಿದೆ: ನೆಲಕ್ಕೆ ತಾಗಿದ ಭಾಗದ ಕೆಲವೇ ಕಡ್ಡಿಗಳ ಎಳೆತ ಗಣನೀಯವಾಗಿ ಕಡಿಮೆಯಾಗುತ್ತದೆ, ಉಳಿದ ಕಡ್ಡಿಗಳಲ್ಲಿ ಆಗುವ ಹೆಚ್ಚಳ ಅತ್ಯಲ್ಪ. ಮೇಲಿನ ಕಡ್ಡಿಗಳಿಗೆ ಭಾರ ಬಂದದ್ದೇ ಗೊತ್ತಾಗುವುದಿಲ್ಲ ಎನ್ನಬಹುದು.

ಇದನ್ನು ನಂಬಲು ಕಂಪ್ಯೂಟರ್ ಬೇಕಿಲ್ಲ. ಒಬ್ಬರು ಸೈಕಲ್ ಹಿಡಿದುಕೊಂಡಿರಲಿ. ನೀವು ಕೆಳಗಿನ ಕಡ್ಡಿಯೊಂದನ್ನು ಏಕತಾರಿಯ ತಂತಿಯಂತೆ ಬೆರಳಿನಿಂದ ಮೀಟಿ ಅದರ ಸ್ವರವನ್ನು ಕೇಳಿಕೊಳ್ಳಿ. ಈಗ ಇನ್ನೊಬ್ಬರು ಸೀಟಿನ ಮೇಲೆ ಕುಳಿತುಕೊಳ್ಳಲಿ. ಅದೇ ಕಡ್ಡಿಯನ್ನು ಮತ್ತೆ ಮೀಟಿ. ಹಿಂದಿನ ಚಕ್ರದ ಮೇಲೆ 600 ನ್ಯೂಟನ್ ಭಾರ ಬಿದ್ದು, ಅದನ್ನು ಮೂರು ಕಡ್ಡಿಗಳು ಹಂಚಿಕೊಂಡರೆ ತಲಾ 200 ನ್ಯೂಟನ್ ಎಳೆತ ಇಳಿಯುತ್ತದೆ. ತಂತಿಯ ಕಂಪನಾವೃತ್ತಿ ಎಳೆತದ ವರ್ಗಮೂಲಕ್ಕೆ ಅನುಪಾತೀಯ. 1000 ನ್ಯೂಟನ್ ಇದ್ದದ್ದು 800ಕ್ಕೆ ಇಳಿದರೆ ಆವೃತ್ತಿ ಶೇ. 10ಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗುತ್ತದೆ; ಹಾರ್ಮೋನಿಯಂನಲ್ಲಿ ಕರಿ ಬಿಳಿ ಎರಡನ್ನೂ ಎಣಿಸಿ ಎರಡು ಮನೆ ಕೆಳಗಿಳಿದಂತೆ. ಇದು ಸಂಗೀತ ಬಾರದ ಕಿವಿಗೂ ತಿಳಿಯುತ್ತದೆ. ಮೇಲಿನ ಕಡ್ಡಿಯ ಸ್ವರ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

‘ನಿಲ್ಲುವುದು’ ಎಂಬ ಮಾತಿನ ತೊಡಕು

ಪುಸ್ತಕದ ಭೌತವಿಜ್ಞಾನ ಸರಿಯಾಗಿದೆ. ಆದರೆ ಚಕ್ರವು ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ ಎಂಬ ಅದರ ಭಾಷೆ ಹೊಸ ಓದುಗನನ್ನು ಗೊಂದಲಕ್ಕೆ ಈಡುಮಾಡುತ್ತದೆ. ಎಳೆತದಲ್ಲಿರುವ ತಂತಿಯ ಮೇಲೆ ನಿಲ್ಲುವುದು ಹೇಗೆ? ಈ ಒಂದು ಮಾತಿನ ಮೇಲೆಯೇ ದಶಕಗಳ ಕಾಲ ವಾಗ್ವಾದ ನಡೆದಿದೆ. ನಮ್ಮ ಹಳ್ಳಿಗಳ ಎತ್ತಿನ ಬಂಡಿಯ ಗಾಲಿಯನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಲೇಖಕರಿಗೆ ಈ ತೊಡಕು ಸುಲಭವಾಗಿ ಬಿಡಿಸಬಹುದಾಗಿತ್ತು.

ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹಾಕುತ್ತಾರೆ. ಪಟ್ಟಿ ತಣಿದು ಕುಗ್ಗಿ, ಮರದ ಅರಗಳನ್ನೆಲ್ಲ ನಡುವಿನ ಗುಂಬದತ್ತ ಒತ್ತಿ ಹಿಡಿಯುತ್ತದೆ. ಅಂದರೆ ಭಾರ ಬೀಳುವ ಮೊದಲೇ ಅರಗಳು ಒತ್ತಡದಲ್ಲಿವೆ. ಸೈಕಲ್ ಚಕ್ರದಲ್ಲಿ ಇದು ತಿರುಗುಮುರುಗು. ಭಾರ ಬೀಳುವ ಮೊದಲೇ ಕಡ್ಡಿಗಳು ಎಳೆತದಲ್ಲಿವೆ. ಈಗ ಎರಡಕ್ಕೂ ಭಾರ ಹೇರಿ. ಬಂಡಿಯ ಕೆಳಗಿನ ಅರದಲ್ಲಿ ಒತ್ತಡ ಹೆಚ್ಚುತ್ತದೆ. ಸೈಕಲ್ಲಿನ ಕೆಳಗಿನ ಕಡ್ಡಿಯಲ್ಲಿ ಎಳೆತ ಕಡಿಮೆಯಾಗುತ್ತದೆ. ಬದಲಾವಣೆ ಎರಡರಲ್ಲೂ ಒಂದೇ ದಿಕ್ಕಿನದು. ಮೊದಲೇ ತುಂಬಿಟ್ಟ ಬಲ ಮಾತ್ರ ಬೇರೆ. ಆಲಮಟ್ಟಿ ಅಣೆಕಟ್ಟಿನ 26 ತೆರೆಬಾಗಿಲುಗಳನ್ನು ನೀವು ನೋಡಿರಬಹುದು. ವೃತ್ತದ ತುಣುಕಿನಂತೆ ಬಾಗಿದ ಆ ಬಾಗಿಲುಗಳ ಹಿಂದಿನ ಉಕ್ಕಿನ ತೋಳುಗಳು ನೀರಿನ ಒತ್ತನ್ನು ಕೀಲಿಗೆ ಸಾಗಿಸುತ್ತವೆ. ಅವೂ ಒಂದು ದೊಡ್ಡ ಗಾಲಿಯ ಅರಗಳೇ. ಆದರೆ ಒತ್ತಡವನ್ನು ತಾಳಲು ಅವು ದಪ್ಪವಾಗಿರಲೇಬೇಕು. ಸೈಕಲ್ಲಿನ ಕಡ್ಡಿ ತೆಳ್ಳಗಿದ್ದೂ ಅದೇ ಕೆಲಸ ಮಾಡುವುದು ಮೊದಲೇ ಕೂಡಿಟ್ಟ ಎಳೆತದ ಬಲದಿಂದ. ಆ ಕೂಡಿಟ್ಟ ಗಂಟು ಮುಗಿಯುವವರೆಗೆ ಅದು ಕಂಬದಂತೆ ವರ್ತಿಸುತ್ತದೆ. ಮುಗಿದ ಕ್ಷಣ ಬರಿಯ ತಂತಿಯಾಗುತ್ತದೆ.

ಹಾಗಾದರೆ ‘ತೂಗುತ್ತದೆ’, ‘ನಿಲ್ಲುತ್ತದೆ’ ಎಂಬ ಜಗಳ ಬರಿ ಮಾತಿನದೇ? ಒಟ್ಟು ಬಲವನ್ನು ಲೆಕ್ಕ ಹಿಡಿದರೆ ಮೇಲ್ಮುಖ ಎಳೆತ ಕೆಳಮುಖ ಎಳೆತಕ್ಕಿಂತ ಭಾರದಷ್ಟೇ ಹೆಚ್ಚಿರುತ್ತದೆ. ಇಷ್ಟರಲ್ಲಿ ಎರಡೂ ಪಕ್ಷ ಸರಿ. ಆದರೆ ಚಕ್ರ ಕಟ್ಟುವವನಿಗೆ ಬೇಕಾದದ್ದು ಬದಲಾವಣೆಯ ಲೆಕ್ಕ. ಏಕೆಂದರೆ ಕಡ್ಡಿಯನ್ನು ಮುರಿಯುವುದು ಅದೇ.

ಪುಸ್ತಕದ ನಿಜವಾದ ಕೊಡುಗೆ

29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್. ಒಂದು ಕಿಲೋಮೀಟರಿಗೆ ಪ್ರತಿ ಕಡ್ಡಿಯೂ 435 ಸಲ ಕೆಳಗೆ ಬಂದು ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ. ಸಾವಿರ ಕಿಲೋಮೀಟರಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಸಲ. ಹಬ್ಬಿನ ತೂತಿನ ಬಳಿ ಬಾಗಿದ ಕುತ್ತಿಗೆಯಲ್ಲಿ ಕಡ್ಡಿ ಮುರಿಯುವುದು ಸಾಮಾನ್ಯವಾಗಿ ಲೋಹದ ಈ ದಣಿವಿನಿಂದ, ಅತಿ ಬಿಗಿಯಿಂದಲ್ಲ. ಕಡ್ಡಿಯನ್ನು ಬಾಗಿಸಿ ತಯಾರಿಸುವಾಗ, ಹಬ್ಬಿಗೆ ಕೂರಿಸುವಾಗ ಆ ಕುತ್ತಿಗೆಯಲ್ಲಿ ಪ್ರತಿಬಲ ಉಳಿದುಬಿಡುತ್ತದೆ. ಕಟ್ಟಿ ಮುಗಿಸಿದ ಮೇಲೆ ಸಮಾಂತರವಾಗಿರುವ ಎರಡೆರಡು ಕಡ್ಡಿಗಳನ್ನು ಕೈಯಿಂದ ಬಲವಾಗಿ ಹಿಂಡಿದರೆ, ಆ ಬಿಂದುಗಳು ಕ್ಷಣಕಾಲ ಇಳುವರಿ ಮಿತಿಯನ್ನು ದಾಟಿ, ಕೈಬಿಟ್ಟಾಗ ಕಡಿಮೆ ಪ್ರತಿಬಲಕ್ಕೆ ಮರಳುತ್ತವೆ. ಕುಶಲಕರ್ಮಿಗಳು ಕೈರೂಢಿಯಿಂದ ಮಾಡುತ್ತಿದ್ದ ಈ ಹಿಂಡುವಿಕೆಗೆ ಸ್ಪಷ್ಟ ಕಾರಣ ಕೊಟ್ಟದ್ದು ಈ ಪುಸ್ತಕದ ಅತ್ಯುತ್ತಮ ಭಾಗ. ಎರಡು ನಿಮಿಷದ ಕೆಲಸ. ಚಕ್ರದ ಆಯುಷ್ಯ ಹೆಚ್ಚುತ್ತದೆ.

ಕಡ್ಡಿಗಳು ಒಂದನ್ನೊಂದು ದಾಟುವಲ್ಲಿ ತಂತಿ ಸುತ್ತಿ ಬೆಸುಗೆ ಹಾಕಿದರೆ ಚಕ್ರ ಗಟ್ಟಿಯಾಗುತ್ತದೆ ಎಂಬ ಹಳೆಯ ನಂಬಿಕೆಯನ್ನು ಬ್ರ್ಯಾಂಟ್ ಅಳತೆ ಮಾಡಿ ನೋಡಿದರು. ಬಿಗುಪಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ‘ಬಿಗಿ ಮಾಡಿದಷ್ಟೂ ಚಕ್ರ ಗಟ್ಟಿ’ ಎಂಬ ಮಾತನ್ನೂ ಅವರು ಒಪ್ಪುವುದಿಲ್ಲ. ಕಡ್ಡಿ ಸಡಿಲವಾಗದಿರುವವರೆಗೆ ಚಕ್ರದ ಬಿಗುಪು ಎಳೆತವನ್ನು ಅವಲಂಬಿಸಿಲ್ಲ. 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಕ್ಕೆ ಮ್ಯಾಥ್ಯೂ ಫೋರ್ಡ್ ಸಲ್ಲಿಸಿದ ಪ್ರಬಂಧ ಇನ್ನೂ ಮುಂದೆ ಹೋಗುತ್ತದೆ: ಎಳೆತ ಹೆಚ್ಚಿದಂತೆ ಚಕ್ರದ ಅಡ್ಡ ಬಿಗುಪು ತುಸು ಕಡಿಮೆಯೇ ಆಗುತ್ತದೆ.

ವಯಸ್ಸು ಕಾಣುವ ಜಾಗ

ಎಳೆತ ಎಷ್ಟಿರಬೇಕು? ಇಲ್ಲಿ ಪುಸ್ತಕ ಕೈಕೊಡುತ್ತದೆ. ಬಿಗಿ ಮಾಡುತ್ತ ಹೋಗಿ, ಕಡ್ಡಿಗಳನ್ನು ಹಿಂಡಿದಾಗ ರಿಮ್ಮು ಅಲೆಯಂತೆ ಸೊಟ್ಟಗಾದರೆ ಅದೇ ಮಿತಿಯೆಂದು ತಿಳಿದು ಸ್ವಲ್ಪ ಸಡಿಲಿಸಿ ಎಂಬುದು ಅದರ ಸೂತ್ರ. ರಿಮ್ಮಿನ ಮೇಲೆ ಬೀಳುವ ಒತ್ತಡವನ್ನು ಲೆಕ್ಕಹಾಕುವುದು ಸುಲಭ. ಕಡ್ಡಿಗಳ ಸಂಖ್ಯೆಯನ್ನು ಸರಾಸರಿ ಎಳೆತದಿಂದ ಗುಣಿಸಿ 6.28ರಿಂದ ಭಾಗಿಸಿ. 32 ಕಡ್ಡಿ, 1000 ನ್ಯೂಟನ್ ಎಳೆತವಾದರೆ ಸುಮಾರು 5100 ನ್ಯೂಟನ್. ಐದು ಕ್ವಿಂಟಲ್ ಜೋಳದ ತೂಕಕ್ಕಿಂತಲೂ ಹೆಚ್ಚು. ಅಂದಿನ ತೆಳು ರಿಮ್ಮುಗಳು ಈ ಒತ್ತಡಕ್ಕೆ ಮೊದಲು ಸೊಟ್ಟಗಾಗುತ್ತಿದ್ದವು. ಇಂದಿನ ಪೆಟ್ಟಿಗೆಯಾಕಾರದ ಅಗಲ ರಿಮ್ಮುಗಳು ಹಾಗೆ ಸೊಟ್ಟಗಾಗುವ ಮೊದಲೇ ನಿಪ್ಪಲ್ ತೂತಿನ ಸುತ್ತ ಬಿರುಕು ಬಿಡುವ ಸಂಭವ ಹೆಚ್ಚು. ರಿಮ್ಮನ್ನೇ ಕೆಡಿಸುವ ಅಂಚಿಗೆ ಒಯ್ದು ಅಳೆಯುವ ಈ ವಿಧಾನವನ್ನು ಇಂದು ಯಾರೂ ಅನುಸರಿಸಬಾರದು. ರಿಮ್ಮು ತಯಾರಕರು ಕೊಟ್ಟ ಮಿತಿಯೇ ನಮಗೆ ಪ್ರಮಾಣ. ಸಾಮಾನ್ಯವಾಗಿ ಅದು 1200 ನ್ಯೂಟನ್ ಆಸುಪಾಸಿನಲ್ಲಿರುತ್ತದೆ.

ಎರಡನೆಯ ಕೊರತೆ ಇನ್ನೂ ಗಂಭೀರ. ಪುಸ್ತಕ ಬರೆದಾಗ ಬ್ರೇಕು ರಿಮ್ಮನ್ನು ಹಿಡಿಯುತ್ತಿತ್ತು. ಇಂದಿನ ಮೌಂಟನ್ ಬೈಕಿನಲ್ಲಿ ಡಿಸ್ಕ್ ಬ್ರೇಕು ಹಬ್ಬನ್ನು ಹಿಡಿಯುತ್ತದೆ. ಆ ತಿರುಚುಬಲವೆಲ್ಲ ಕಡ್ಡಿಗಳ ಮೂಲಕವೇ ರಿಮ್ಮಿಗೆ ಹೋಗಬೇಕು. ನೆಲ ಮತ್ತು ಟೈರಿನ ನಡುವೆ 400 ನ್ಯೂಟನ್ ತಡೆಬಲ, ಚಕ್ರದ ತ್ರಿಜ್ಯ 0.36 ಮೀಟರ್ ಎಂದು ಇಟ್ಟುಕೊಳ್ಳಿ. ತಿರುಚುಬಲ 144 ನ್ಯೂಟನ್ ಮೀಟರ್. ಹಬ್ಬಿನ ಕಡ್ಡಿ ತೂತುಗಳು ಮಧ್ಯದಿಂದ 25 ಮಿ.ಮೀ. ದೂರದಲ್ಲಿದ್ದು, 32 ಕಡ್ಡಿಗಳೂ ಸಮನಾಗಿ ಹಂಚಿಕೊಂಡರೆ ತಲಾ 180 ನ್ಯೂಟನ್. ಅರ್ಧ ಕಡ್ಡಿಗಳು ಇಷ್ಟು ಬಿಗಿಯಾಗುತ್ತವೆ, ಇನ್ನರ್ಧ ಇಷ್ಟೇ ಸಡಿಲವಾಗುತ್ತವೆ.

ಡಿಸ್ಕಿಗೆ ಜಾಗ ಬಿಡಲು ಮುಂದಿನ ಹಬ್ಬಿನ ಒಂದು ಬದಿ ಒಳಸರಿದಿರುತ್ತದೆ. ಹೀಗಾಗಿ ಎರಡು ಬದಿಯ ಎಳೆತ ಸಮನಾಗಿರುವುದಿಲ್ಲ. ಡಿಸ್ಕಿನ ಬದಿ 1000, ಇನ್ನೊಂದು ಬದಿ 700 ನ್ಯೂಟನ್ ಎನ್ನೋಣ. ಕಲ್ಲಿನಿಂದ ಕೆಳಗೆ ಹಾರಿದಾಗ ಭಾರ ಮೂರು ಪಟ್ಟಾದರೆ ಕೆಳಗಿನ ಕಡ್ಡಿ 600 ನ್ಯೂಟನ್ ಕಳೆದುಕೊಳ್ಳುತ್ತದೆ; ಉಳಿಯುವುದು 100. ಅದೇ ಕ್ಷಣ ಬ್ರೇಕು ಒತ್ತಿದರೆ ಇನ್ನೂ 180 ಬೇಕು. ಗಂಟು ಮುಗಿಯಿತು! ಕಡ್ಡಿ ಜೋತುಬೀಳುತ್ತದೆ, ನಿಪ್ಪಲ್ ತಾನಾಗಿ ಬಿಚ್ಚಿಕೊಳ್ಳತೊಡಗುತ್ತದೆ, ರಿಮ್ಮನ್ನು ಆ ಜಾಗದಲ್ಲಿ ಪಕ್ಕಕ್ಕೆ ಹಿಡಿದಿಡುವವರಿಲ್ಲ. ಇಳಿಜಾರಿನಲ್ಲಿ ಮುಂಚಕ್ರ ಮಡಚಿದರೆ ಸವಾರನ ಗತಿ ಏನೆಂದು ಹೇಳಬೇಕಾಗಿಲ್ಲ. ಅಗಲವಾದ ಮೆತ್ತನೆಯ ಟೈರು ಈ ಪೆಟ್ಟನ್ನು ಹೆಚ್ಚು ಕಡ್ಡಿಗಳಿಗೆ ಹಂಚುತ್ತದೆ ಎಂಬುದೇ ಸಮಾಧಾನ. ಈ ಲೆಕ್ಕಕ್ಕೆ ಬೇಕಾದ ಸಾಧನವೆಲ್ಲ ಬ್ರ್ಯಾಂಟ್ ಅವರದೇ. ಲೆಕ್ಕ ಮಾತ್ರ ಪುಸ್ತಕದಲ್ಲಿಲ್ಲ.

ನೀವು ಕಟ್ಟುವಾಗ

ಹಾಗಾಗಿ ಪುಸ್ತಕ ಓದಿ ಚಕ್ರ ಕಟ್ಟುವವರಿಗೆ ಕೆಲವು ಮಾತು. ದುಬಾರಿ ಹಬ್ಬಿಗೆ ಹಣ ಸುರಿಯುವ ಮೊದಲು ಒಳ್ಳೆಯ ಕಡ್ಡಿ ಕೊಳ್ಳಿ. ತುದಿಯಲ್ಲಿ 2 ಮಿ.ಮೀ. ಇದ್ದು ನಡುವೆ 1.8 ಮಿ.ಮೀ.ಗೆ ತೆಳುವಾದ ಕಡ್ಡಿ ಅದೇ ಎಳೆತಕ್ಕೆ ನಡುಭಾಗದಲ್ಲಿ ಶೇ. 23ರಷ್ಟು ಹೆಚ್ಚು ಹಿಗ್ಗುತ್ತದೆ. ರಿಮ್ಮು ಒಳಬಾಗಿದಾಗ ಬೇಗ ಸಡಿಲವಾಗುವುದಿಲ್ಲ. ಇಲ್ಲಿ ತೆಳುವಾದದ್ದೇ ಬಾಳಿಕೆಯದು. ಡಿಸ್ಕ್ ಬ್ರೇಕಿನ ಚಕ್ರದಲ್ಲಿ ಕಡ್ಡಿಗಳನ್ನು ನೇರ ಕೇಂದ್ರದಿಂದ ಹಾಕಬೇಡಿ. ಮೂರು ಸಲ ದಾಟಿಸಿ ಹೆಣೆಯಿರಿ.

ಬಿಗಿ ಮಾಡುವಾಗ ಆತುರ ಬೇಡ. 290 ಮಿ.ಮೀ. ಉದ್ದದ, 2 ಮಿ.ಮೀ. ದಪ್ಪದ ಕಡ್ಡಿ 1000 ನ್ಯೂಟನ್ ಎಳೆತಕ್ಕೆ ಹಿಗ್ಗುವುದು ಸುಮಾರು 0.46 ಮಿ.ಮೀ. ಮಾತ್ರ. ನಿಪ್ಪಲ್ ಒಂದು ಸುತ್ತು ತಿರುಗಿದರೆ ಮುಂದೆ ಸರಿಯುವುದೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಕೊನೆಯ ಹಂತದಲ್ಲಿ ಕಾಲು ಸುತ್ತು ಕೂಡ ದೊಡ್ಡದು. ಬೆಂಡ್ ತೆಗೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಣ್ಣಿಗೆ ನೇರವಾಗಿ ತಿರುಗುವ ಚಕ್ರದಲ್ಲೂ ಒಂದು ಕಡ್ಡಿ ಬಿಗಿ, ಪಕ್ಕದ್ದು ಸಡಿಲ ಇರಬಹುದು. ಒಂದೇ ಬದಿಯ ಕಡ್ಡಿಗಳನ್ನು ಒಂದೇ ರೀತಿ ಮೀಟಿ ಕೇಳಿ. ಆವೃತ್ತಿಯಲ್ಲಿ ಶೇ. 5 ವ್ಯತ್ಯಾಸವೆಂದರೆ ಎಳೆತದಲ್ಲಿ ಶೇ. 10 ವ್ಯತ್ಯಾಸ. ಕೊನೆಗೆ ಹಿಂಡಿ, ಮತ್ತೊಮ್ಮೆ ಸರಿಪಡಿಸಿ.

ಒಟ್ಟಿನಲ್ಲಿ ‘ದ ಬೈಸಿಕಲ್ ವೀಲ್’ ಇಂದಿಗೂ ಓದಬೇಕಾದ ಪುಸ್ತಕ. ಅದರ ಎಳೆತದ ಸೂತ್ರವನ್ನು ಬಿಡಿ, ‘ನಿಲ್ಲುವುದು’ ಎಂಬ ಮಾತನ್ನು ಬದಲಾವಣೆಯ ಲೆಕ್ಕವೆಂದು ಓದಿಕೊಳ್ಳಿ, ಡಿಸ್ಕ್ ಬ್ರೇಕಿನ ಪಾಠವನ್ನು ನೀವೇ ಸೇರಿಸಿಕೊಳ್ಳಿ. ಸ್ಥಿತಿಸ್ಥಾಪಕತೆ, ತಂತಿಯ ಕಂಪನ, ಬಲಗಳ ಸಮತೋಲ, ಲೋಹದ ದಣಿವು ಈ ನಾಲ್ಕನ್ನೂ ಒಂದೇ ವಸ್ತುವಿನಲ್ಲಿ ಕಲಿಸಬಲ್ಲ, ಹಳ್ಳಿಯ ಪ್ರೌಢಶಾಲೆಗೂ ಎಟುಕುವ ಉಪಕರಣ ಸೈಕಲ್ ಚಕ್ರದಂಥದು ಮತ್ತೊಂದಿಲ್ಲ. ನಮ್ಮ ಅಂಗಡಿಗಳಲ್ಲಿ ಚಕ್ರ ಕಟ್ಟುವ ಕೈಗಳಿವೆ, ನಮ್ಮ ತರಗತಿಗಳಲ್ಲಿ ಸೂತ್ರಗಳಿವೆ. ಎರಡನ್ನೂ ಕೂಡಿಸುವ ಇಂಥದೊಂದು ಪುಸ್ತಕ, ಗರಸು ದಾರಿಯ ಅನುಭವವನ್ನೂ ಸೇರಿಸಿಕೊಂಡು, ಕನ್ನಡದಲ್ಲಿ ಬರಬೇಕು. ಅದನ್ನು ಓದಿ ಚಕ್ರ ಕಟ್ಟಿದ ಹುಡುಗ ಅಥವಾ ಹುಡುಗಿ ಇಳಿಜಾರಿನಲ್ಲಿ ತನ್ನ ಪ್ರಾಣವನ್ನು ಆ ಚಕ್ರಕ್ಕೆ ಒಪ್ಪಿಸುವುದು ಬರಿಯ ನಂಬಿಕೆಯಿಂದಲ್ಲ, ಲೆಕ್ಕದಿಂದ.