ಓಡಿಹೋದವರ ಕಾಲಂ

ದಾಖಲೆ ಇಲ್ಲದ ನೋವಿಗೆ ವಿಮರ್ಶೆಯಲ್ಲಿ ಬೆಲೆಯಿಲ್ಲ ಅಂತ ನಮ್ಮ ಪಂಡಿತರು ಹೇಳುತ್ತಲೇ ಬಂದಿದ್ದಾರೆ. ಸರಿ, ದಾಖಲೆಯನ್ನೇ ಓದೋಣ ಅಂತ ಅಮೆರಿಕದ ಸಂಶೋಧನಾ ಗ್ರಂಥಾಲಯವೊಂದರಲ್ಲಿ ಮೈಕ್ರೋಫಿಲ್ಮ್ ಯಂತ್ರದ ಮುಂದೆ ಕೂತೆ. 1860ರ ಜನಗಣತಿ. ಗುಲಾಮರಿಗೆ ಬೇರೆಯೇ ಪಟ್ಟಿ, ಕೇರಿಯನ್ನು ಊರಾಚೆ ಇಟ್ಟ ಹಾಗೆ. ಒಡೆಯನ ಹೆಸರಿದೆ. ಅದರ ಪಕ್ಕದಲ್ಲಿ ಉಳಿದವರ ವಯಸ್ಸು, ಲಿಂಗ, ಬಣ್ಣ, ಅಷ್ಟೆ. 30, ಗಂಡು, ಕಪ್ಪು. 6, ಹೆಣ್ಣು, ಬೆರಕೆ. ಬೆರಕೆ ಅನ್ನುವ ಆ ಒಂದಕ್ಷರದ ಹಿಂದೆ ಯಾವ ಒಡೆಯನ ರಾತ್ರಿಯಿದೆ ಅಂತ ಪಟ್ಟಿ ಕೇಳುವುದಿಲ್ಲ. ರೀಲು ತಿರುಗಿಸಿ ತಿರುಗಿಸಿ ಕಣ್ಣುರಿ ಬಂತು. ಸಾಲಪತ್ರದಲ್ಲಿ ನಮ್ಮಜ್ಜನೂ ಹೀಗೇ, ಬರೀ ಹೆಬ್ಬೆಟ್ಟು.

ಇದನ್ನು ಮೌನ ಅಂದುಬಿಡೋದು ಸುಲಭ. ಎಡವೋದು ಅಲ್ಲೇ. ಅದೇ ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ: ರಾಜ್ಯ ಬಿಟ್ಟು ಓಡಿಹೋದವರು. ಪಕ್ಕದ್ದು ಬಿಡುಗಡೆ ಹೊಂದಿದವರದು. ಆ ಬಿಡುಗಡೆ ಒಡೆಯನ ಕೈಯಲ್ಲಿತ್ತು. ಇಡೀ ಹಾಳೆಯಲ್ಲಿ ಗುಲಾಮ ತಾನೇ ಕರ್ತೃವಾಗಿರುವ ಕ್ರಿಯಾಪದ ಒಂದೇ, ಓಡುವುದು. ಗಣತಿಯವನು ಅದನ್ನು ಒಡೆಯನ ನಷ್ಟದ ಲೆಕ್ಕಕ್ಕೆ ಬರೆದ. ನಾನದನ್ನು ಆತ್ಮಕಥನದ ಮೊದಲ ವಾಕ್ಯ ಅಂತ ಓದುತ್ತೇನೆ. ಫ್ರೆಡೆರಿಕ್ ಡಗ್ಲಾಸ್ 1838ರಲ್ಲಿ ಓಡಿದ, ಅವನ ಮೊದಲ ಆತ್ಮಕಥೆ ಬಂದದ್ದು 1845ರಲ್ಲಿ. ದಲಿತ ಆತ್ಮಕಥನಕ್ಕೆ ರೂಪವಿಲ್ಲ ಅನ್ನುವವರು ಈ ಕ್ರಮವನ್ನು ಗಮನಿಸಲಿ.

1865ರಲ್ಲಿ ಗುಲಾಮಗಿರಿ ರದ್ದಾಯಿತು. 1870ರ ರೀಲಿನಲ್ಲಿ ಎಲ್ಲರಿಗೂ ಹೆಸರು ಬಂತು. ಆ ಆರು ವರ್ಷದವಳಿಗೆ ಈಗ 16. ಅದೇ ಊರಿನ ಪುಟಗಳಲ್ಲಿ ಆ ವಯಸ್ಸಿನ ಹುಡುಗಿಯರ ಹೆಸರನ್ನೆಲ್ಲ ಓದಿದೆ. ಯಾವಳು ಅವಳು, ಗೊತ್ತಾಗಲಿಲ್ಲ.